ನೆರೆಯಲ್ಲಿ ನೆನೆದ ಮಂಚ, ಮೇಜುಗಳು

ಹೊಳೆಯ ನೀರು ದಡವನ್ನು ಮೀರಿ ಊರೊಳಕ್ಕೆ ನುಗ್ಗಿದಾಗ ಜನರು ಮೊದಲು ಮಕ್ಕಳು ಮರಿಗಳನ್ನೂ ದನಕರುಗಳನ್ನೂ ಎತ್ತರದ ಸ್ಥಳಕ್ಕೆ ಸಾಗಿಸುವರು. ಸಮಯ ಉಳಿದರೆ ಕಾಳುಕಡಿ, ಕಾಗದಪತ್ರಗಳನ್ನು ಹೊತ್ತೊಯ್ಯುವರು. ಮಂಚ, ಮೇಜು, ಬೀರುಗಳು ಮನೆಯೊಳಗೇ ಉಳಿದುಬಿಡುವುವು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿಯೂ, 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿಯೂ, 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ತೀರಗಳಲ್ಲಿಯೂ ಸಾವಿರಾರು ಮನೆಗಳಲ್ಲಿ ಹೀಗೆಯೇ ಆಯಿತು.

ನೀರು ಇಳಿದ ಮೇಲೆ ಮನೆಗೆ ಮರಳಿದವರಿಗೆ ಕಾಣುವುದೇನು? ಮಂಚದ ಮೈಯೆಲ್ಲ ಕೆಸರು. ಮೇಜಿನ ಹಲಗೆ ಉಬ್ಬಿದೆ. ಬೀರುವಿನ ಬಾಗಿಲು ತೆರೆಯಲೊಲ್ಲದು. ಆಗ ಎರಡು ಅವಿಚಾರದ ಕೆಲಸಗಳು ನಡೆಯುವುದುಂಟು. ಕೆಲವರು ‘ಇದು ಕೆಟ್ಟಿತು’ ಎಂದು ಸಾಮಾನನ್ನು ಸೌದೆಯ ರಾಶಿಗೆ ಸೇರಿಸುವರು. ಮತ್ತೆ ಕೆಲವರು ಬೇಗ ಒಣಗಲೆಂದು ಅಂಗಳದ ಸುಡುಬಿಸಿಲಿಗೆ ಎಳೆದು ಹಾಕುವರು. ನೆರೆಯು ಕೆಡಿಸದೆ ಬಿಟ್ಟದ್ದನ್ನು ಈ ಬಿಸಿಲು ಕೆಡಿಸುವುದು. ತಲೆಮಾರುಗಳಿಂದ ಬಂದ ಬೀಟೆಯ ಪೆಟ್ಟಿಗೆಯಾಗಲಿ, ಸಾಲ ಮಾಡಿ ಕೊಂಡ ತೇಗದ ಮಂಚವಾಗಲಿ ಒಂದು ವಾರ ನೀರಿನಲ್ಲಿ ನಿಂತ ಮಾತ್ರಕ್ಕೆ ಸಾಮಾನ್ಯವಾಗಿ ನಾಶವಾಗುವುದಿಲ್ಲ. ಅದು ಉಳಿಯುವುದೂ ಅಳಿಯುವುದೂ ಮುಂದಿನ ಕೆಲವು ವಾರಗಳಲ್ಲಿ ನಾವು ಅದನ್ನು ಹೇಗೆ ನೋಡಿಕೊಳ್ಳುವೆವು ಎಂಬುದನ್ನು ಅವಲಂಬಿಸಿದೆ. ಇದನ್ನು ತಿಳಿಯಬೇಕಾದರೆ ಮರಕ್ಕೂ ನೀರಿಗೂ ಇರುವ ಸಂಬಂಧವನ್ನು ಮೊದಲು ಅರಿಯಬೇಕು.

ಮರದೊಳಗೆ ನೀರಿನ ಎರಡು ಮನೆಗಳು

ಜೋಳದ ದಂಟುಗಳನ್ನು ಒತ್ತೊತ್ತಾಗಿ ಜೋಡಿಸಿ ಕಟ್ಟಿದ ಕಂತೆಯೊಂದನ್ನು ಕಲ್ಪಿಸಿಕೊಳ್ಳೋಣ. ಪ್ರತಿಯೊಂದು ದಂಟೂ ಒಳಗೆ ಟೊಳ್ಳಾಗಿದೆಯೆಂದೂ ಅದರ ದಪ್ಪ ಕೂದಲೆಳೆಗಿಂತಲೂ ಕಡಿಮೆಯೆಂದೂ ಭಾವಿಸಿದರೆ ಮರದ ಒಳರಚನೆ ಸ್ಥೂಲವಾಗಿ ನಮ್ಮ ಕಣ್ಣಮುಂದೆ ನಿಲ್ಲುವುದು. ಈ ಸೂಕ್ಷ್ಮ ಕೊಳವೆಗಳೇ ಮರದ ಜೀವಕೋಶಗಳು. ಅವುಗಳ ಗೋಡೆಗಳು ಮುಖ್ಯವಾಗಿ ಸೆಲ್ಯುಲೋಸ್ ಎಂಬ ವಸ್ತುವಿನ ಉದ್ದನೆಯ ಅಣುಸರಪಳಿಗಳಿಂದ ಆದುವು.

ಮರದಲ್ಲಿ ನೀರು ಎರಡು ಕಡೆ ವಾಸಮಾಡುವುದು. ಕೊಳವೆಗಳ ಟೊಳ್ಳಿನಲ್ಲಿ ತುಂಬಿಕೊಂಡ ನೀರಿಗೆ ‘ಬಿಡಿ ನೀರು’ ಎನ್ನೋಣ. ಅದು ಬಿಂದಿಗೆಯಲ್ಲಿನ ನೀರಿನಂತೆ. ಬಂದರೆ ತೂಕ ಹೆಚ್ಚುವುದು, ಹೋದರೆ ಕಡಿಮೆಯಾಗುವುದು. ಮರದ ಗಾತ್ರ ಮಾತ್ರ ಬದಲಾಗುವುದಿಲ್ಲ. ಗೋಡೆಗಳ ಒಳಕ್ಕೇ ಹೊಕ್ಕ ನೀರು ಬೇರೆ ಬಗೆಯದು. ಸೆಲ್ಯುಲೋಸ್ ಸರಪಳಿಯುದ್ದಕ್ಕೂ ಹೈಡ್ರಾಕ್ಸಿಲ್ ಗುಂಪುಗಳಿವೆ. ಇವು ನೀರಿನ ಅಣುಗಳನ್ನು ಬಲವಾಗಿ ಸೆಳೆದು ಹಿಡಿದುಕೊಳ್ಳುವುವು. ಹೀಗೆ ಸಿಕ್ಕಿಕೊಂಡ ‘ಬಂಧಿತ ನೀರು’ ಸರಪಳಿಗಳ ನಡುವೆ ಬೆಣೆಯಂತೆ ತೂರಿ ಅವುಗಳನ್ನು ದೂರ ತಳ್ಳುವುದು. ಗೋಡೆ ದಪ್ಪವಾಗುವುದು, ಮರ ಹಿಗ್ಗುವುದು. ಈ ನೀರು ಹೊರಟುಹೋದಾಗ ಸರಪಳಿಗಳು ಮತ್ತೆ ಹತ್ತಿರ ಬರುವುವು, ಮರ ಕುಗ್ಗುವುದು.

ಮರದ ತೇವವನ್ನು ಅಳೆಯುವ ಕ್ರಮ ಸರಳವಾಗಿದೆ. ಪೂರ್ಣವಾಗಿ ಒಣಗಿಸಿದ ಮರದ ತೂಕಕ್ಕೆ ಹೋಲಿಸಿದರೆ ಅದರಲ್ಲಿದ್ದ ನೀರಿನ ತೂಕ ಶೇಕಡ ಎಷ್ಟು ಎಂಬುದೇ ತೇವಾಂಶ. ಒಂದು ತುಂಡು ನೆನೆದಾಗ 160 ಗ್ರಾಂ ಇದ್ದು, ಪೂರ್ಣ ಒಣಗಿದ ಮೇಲೆ 100 ಗ್ರಾಂ ಆದರೆ ಅದರ ತೇವಾಂಶ ಶೇಕಡ 60. ಹಸಿಮರ ಒಣಗುವಾಗ ಮೊದಲು ಬಿಡಿ ನೀರು ಹೊರಡುವುದು. ಸುಮಾರು ಶೇಕಡ 30ರ ಹತ್ತಿರ ಬಂದಾಗ ಟೊಳ್ಳುಗಳು ಬರಿದಾಗಿ ಗೋಡೆಗಳು ಮಾತ್ರ ನೀರಿನಿಂದ ತುಂಬಿರುವುವು. ಇದಕ್ಕೆ ತಂತುಗಳ ಸಂತೃಪ್ತ ಸ್ಥಿತಿ ಎಂದು ಹೆಸರು. ಮರದ ಹಿಗ್ಗು ಕುಗ್ಗುಗಳ ಇಡೀ ಆಟ ಈ ಗೆರೆಯ ಕೆಳಗೆ ನಡೆಯುವುದು. ನೆರೆಯಿಂದ ಹೊರಬಂದ ಮೇಜು ಮೊದಲ ಕೆಲವು ದಿನ ತೂಕ ಕಳೆದುಕೊಂಡರೂ ಆಕಾರ ಬದಲಿಸದೆ ಇರುವುದಕ್ಕೂ, ‘ಒಣಗುತ್ತಾ ಬಂತು’ ಎನ್ನುವಾಗಲೇ ಸೀಳತೊಡಗುವುದಕ್ಕೂ ಇದೇ ಕಾರಣ.

ಹಿಗ್ಗುವುದು ಎಷ್ಟು, ಯಾವ ಕಡೆಗೆ?

ಮರ ಎಲ್ಲ ದಿಕ್ಕುಗಳಲ್ಲಿಯೂ ಒಂದೇ ಸಮನಾಗಿ ಹಿಗ್ಗಿದ್ದರೆ ನಮ್ಮ ತೊಂದರೆ ಕಡಿಮೆಯಾಗುತ್ತಿತ್ತು. ಅಣುಸರಪಳಿಗಳು ಬಹುಮಟ್ಟಿಗೆ ಕಾಂಡದ ಉದ್ದಕ್ಕೆ ಮಲಗಿರುವುದರಿಂದ ನೀರಿನ ಬೆಣೆಗಳು ಅವುಗಳನ್ನು ಅಡ್ಡಲಾಗಿ ದೂಡುವುವೇ ಹೊರತು ಉದ್ದಕ್ಕೆ ಎಳೆಯಲಾರವು. ತೇಗವನ್ನೇ ತೆಗೆದುಕೊಳ್ಳೋಣ. ಸಂತೃಪ್ತ ಸ್ಥಿತಿಯಿಂದ ಪೂರ್ಣ ಒಣಗುವವರೆಗೆ ಅದು ವಾರ್ಷಿಕ ವಲಯಗಳ ಸುತ್ತಿನ ದಿಕ್ಕಿನಲ್ಲಿ ಸುಮಾರು ಶೇಕಡ 5.8ರಷ್ಟು ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ, ಎಂದರೆ ತ್ರಿಜ್ಯದ ದಿಕ್ಕಿನಲ್ಲಿ, ಸುಮಾರು ಶೇಕಡ 2.5ರಷ್ಟು. ಉದ್ದಕ್ಕೆ ಕುಗ್ಗುವುದು ಸಾಮಾನ್ಯವಾಗಿ ಶೇಕಡ 0.1ರಿಂದ 0.3 ಮಾತ್ರ. ತೇಗವು ಮಿತವಾಗಿ ಕುಗ್ಗುವ ಮರವೆಂದು ಹೆಸರಾದುದು. ಅನೇಕ ಮರಗಳು ಇದಕ್ಕಿಂತ ಹೆಚ್ಚು ಕುಗ್ಗುವುವು.

ಈ ಅಂಕಿಗಳ ಅರ್ಥವೇನೆಂದು ಲೆಕ್ಕ ಹಾಕಿ ನೋಡೋಣ. ಮೇಜಿನ ಹಲಗೆಯ ಅಗಲ 60 ಸೆಂಟಿಮೀಟರು. ಅದನ್ನು ವಲಯಗಳ ಸುತ್ತಿನ ದಿಕ್ಕು ಅಗಲಕ್ಕೆ ಬರುವಂತೆ ಕೊಯ್ದಿದೆ ಎನ್ನೋಣ. ತೇವಾಂಶ ಶೇಕಡ 30ರಿಂದ 12ಕ್ಕೆ ಇಳಿದರೆ ಪೂರ್ಣ ಇಳಿತದ ಐದರಲ್ಲಿ ಮೂರು ಪಾಲು ನಡೆದಂತಾಯಿತು. ಆದುದರಿಂದ ಕುಗ್ಗು 5.8ರ ಐದರಲ್ಲಿ ಮೂರು ಪಾಲು, ಎಂದರೆ ಸುಮಾರು ಶೇಕಡ 3.5. ಅರುವತ್ತು ಸೆಂಟಿಮೀಟರಿಗೆ ಇದು 2 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು! ಅದೇ ಮೇಜು 2 ಮೀಟರು ಉದ್ದವಿದ್ದರೂ ಉದ್ದದಲ್ಲಿ ಆಗುವ ವ್ಯತ್ಯಾಸ ಎರಡು ಮೂರು ಮಿಲಿಮೀಟರು ಮಾತ್ರ. ಹಲಗೆಗೆ ಅಡ್ಡಲಾಗಿ ಮೊಳೆ ಹೊಡೆದು ಕೂಡಿಸಿದ ಪಟ್ಟಿ ಕುಗ್ಗಲಾರದು, ಹಲಗೆ ಕುಗ್ಗದೆ ಬಿಡಲಾರದು. ಈ ಜಗಳದಲ್ಲಿ ಸೀಳುವುದು ಹಲಗೆಯೇ.

ಹಿಗ್ಗುವುದಕ್ಕೆ ಎಡೆಯಿಲ್ಲದಿದ್ದರೆ ಏನಾಗುವುದು? ಎತ್ತಿನ ಬಂಡಿಯಿದ್ದ ಊರುಗಳಲ್ಲಿ ಬೇಸಗೆಯಲ್ಲಿ ಒಣಗಿ ಸಡಿಲವಾದ ಮರದ ಗಾಲಿಗಳನ್ನು ಕೆರೆಯ ನೀರಿನಲ್ಲಿ ನೆನೆಹಾಕುವ ರೂಢಿಯಿತ್ತು. ಮರ ಉಬ್ಬಿ, ಅರೆಕಾಲುಗಳು ಬಿಗಿಯಾಗುತ್ತಿದ್ದುವು. ಆದರೆ ಬಿಗಿದ ಕಂಡಿಯೊಳಗೆ ಹಿಗ್ಗಲು ಹವಣಿಸಿದ ಮರದ ಕೋಶಗಳು ತಮ್ಮ ಒತ್ತಡದಿಂದ ತಾವೇ ನಜ್ಜುಗುಜ್ಜಾಗುವುವು. ಮತ್ತೆ ಒಣಗಿದಾಗ ಆ ತುಂಡು ಮೊದಲಿಗಿಂತಲೂ ಕಿರಿದಾಗಿರುವುದು. ಆದುದರಿಂದ ನೆನೆಸಿ ಬಿಗಿಗೊಳಿಸಿದ ಕೊಡಲಿಯ ಕಾವು ಕೆಲವು ದಿನಗಳ ಬಳಿಕ ಹಿಂದಿಗಿಂತ ಹೆಚ್ಚು ಅಲುಗಾಡುವುದು. ನೆರೆಯಲ್ಲಿ ನೆನೆದ ಕುರ್ಚಿಯ ಕೂಡುಗಳು ಒಣಗಿದ ಮೇಲೆ ಸಡಿಲವಾಗುವುದಕ್ಕೆ ಅಂಟು ಕರಗಿದ್ದೊಂದೇ ಕಾರಣವಲ್ಲ. ಈ ನಜ್ಜುವಿಕೆಯೂ ಕಾರಣ.

ಗಾಳಿಯೊಡನೆ ಒಪ್ಪಂದ

ಮರ ಎಂದಿಗೂ ಪೂರ್ಣವಾಗಿ ಒಣಗುವುದಿಲ್ಲ. ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ತಾನೂ ಒಂದು ತೇವಾಂಶವನ್ನು ಉಳಿಸಿಕೊಂಡು ಸಮತೋಲಕ್ಕೆ ಬರುವುದು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 30 ಇದ್ದಲ್ಲಿ ಮರದ ತೇವಾಂಶ ಸುಮಾರು ಶೇಕಡ 6ರಲ್ಲಿ ನಿಲ್ಲುವುದು. ಆರ್ದ್ರತೆ 65 ಇದ್ದರೆ 12ರಲ್ಲಿ. 85 ಇದ್ದರೆ 18ರ ಸುಮಾರಿನಲ್ಲಿ. ಮಳೆಗಾಲದ ಮಂಗಳೂರಿನ ಗಾಳಿಗೂ ಬೇಸಗೆಯ ಮಧ್ಯಾಹ್ನದ ಕಲಬುರಗಿಯ ಗಾಳಿಗೂ ಇರುವ ಅಂತರವನ್ನು ನೆನೆದರೆ, ಕರಾವಳಿಯಲ್ಲಿ ಮಾಡಿಸಿದ ಬೀರು ಬಯಲುಸೀಮೆಗೆ ಬಂದಾಗ ಬಿರುಕುಬಿಡುವುದರಲ್ಲಿ ಆಶ್ಚರ್ಯವಿಲ್ಲ.

ಆದುದರಿಂದ ದುರಸ್ತಿಯ ಗುರಿ ಮರವನ್ನು ‘ಆದಷ್ಟು ಒಣಗಿಸುವುದು’ ಅಲ್ಲ. ಅದನ್ನು ಮನೆಯ ಗಾಳಿಯೊಡನೆ ನಿಧಾನವಾಗಿ ಸಮತೋಲಕ್ಕೆ ತರುವುದು.

ಮೊದಲ ವಾರದ ಕೆಲಸ

ನೆರೆಯ ನೀರಿನಲ್ಲಿ ಚರಂಡಿಯ ಹೊಲಸೂ ಇಲಿಯ ಮೂತ್ರವೂ ಬೆರೆತಿರುವುದು; ಇಲಿಜ್ವರ ಹರಡುವ ದಾರಿ ಇದೇ. ಕೈಗೆ ರಬ್ಬರಿನ ಗವಸು, ಕಾಲಿಗೆ ಬೂಟು ತೊಟ್ಟ ಹೊರತು ಕೆಲಸಕ್ಕೆ ಇಳಿಯಬಾರದು. ಕೆಸರು ಒಣಗಿ ಗಟ್ಟಿಯಾಗುವ ಮೊದಲೇ ಶುದ್ಧವಾದ ನೀರಿನಿಂದಲೂ ಸಾಬೂನಿನಿಂದಲೂ ಸಾಮಾನನ್ನು ಮೆಲ್ಲಗೆ ತೊಳೆಯಬೇಕು. ನೆನೆದದ್ದನ್ನು ಮತ್ತೆ ನೆನೆಸುವುದೇಕೆಂದು ಅಂಜಬೇಕಾಗಿಲ್ಲ. ಕೆಸರು ಉಳಿದರೆ ಮರದ ರಂಧ್ರಗಳಲ್ಲಿ ತೇವವನ್ನೂ ಬೂಷ್ಟನ್ನೂ ಹಿಡಿದಿಡುವುದು.

ಬಳಿಕ ಬಿಚ್ಚಬಹುದಾದುದನ್ನೆಲ್ಲ ಬಿಚ್ಚಬೇಕು: ಡ್ರಾಯರು, ಬಾಗಿಲು, ಬೀರುವಿನೊಳಗಿನ ಹಲಗೆ, ಕಬ್ಬಿಣದ ಹಿಡಿ, ತಿರುಪು. ಯಾವ ಭಾಗ ಎಲ್ಲಿಯದೆಂದು ಸೀಮೆಸುಣ್ಣದಿಂದ ಗುರುತು ಹಾಕಿಟ್ಟರೆ ಮುಂದೆ ಗೊಂದಲವಿರದು. ಉಬ್ಬಿ ಕಚ್ಚಿಕೊಂಡ ಡ್ರಾಯರನ್ನು ಮುಂದಿನಿಂದ ಎಳೆದು ಜಗ್ಗಬಾರದು. ಹಾಗೆ ಮಾಡಿದರೆ ಅದರ ಮುಖವೇ ಕಿತ್ತು ಬರುವುದು. ಹಿಂಬದಿಯ ತೆಳು ಹಲಗೆಯನ್ನು ತೆಗೆದು ಒಳಗಿನಿಂದ ಮೆಲ್ಲಗೆ ತಳ್ಳಬೇಕು. ಬಾರದಿದ್ದರೆ ಹಾಗೆಯೇ ಬಿಡಬೇಕು, ಒಣಗಿದಾಗ ತಾನಾಗಿ ಸಡಿಲವಾಗುವುದು. ಉಬ್ಬಿದ ಬಾಗಿಲನ್ನು ಹಸಿಯಾಗಿರುವಾಗಲೇ ಉಜ್ಜುಗೊರಡಿನಿಂದ ಕೆತ್ತಿ ಸರಿಪಡಿಸುವುದಂತೂ ಸಲ್ಲದು. ಇಂದು ಒಂದು ಬೆರಳು ಕೆತ್ತಿದರೆ ನಾಳೆ ಒಣಗಿದಾಗ ಅಷ್ಟೇ ಅಗಲದ ಕಂಡಿ ಉಳಿಯುವುದು.

ನೆರಳಿನಲ್ಲಿ ಏಕೆ ಒಣಗಿಸಬೇಕು?

ಬಿಸಿಲಿನಲ್ಲಿ ಇಟ್ಟ ಹಲಗೆಯ ಮೇಲ್ಮೈಯ ನೀರು ಬೇಗನೆ ಆವಿಯಾಗುವುದು. ಒಳಗಿನ ನೀರು ಅಷ್ಟು ವೇಗವಾಗಿ ಹೊರಕ್ಕೆ ಬರಲಾರದು. ಒಳಗೆ ತೇವಾಂಶ ಶೇಕಡ 40 ಇರುವಾಗಲೇ ಹೊರಪದರವು 12ಕ್ಕೆ ಇಳಿದು ಕುಗ್ಗಲು ಹವಣಿಸುವುದು. ಒಳಭಾಗ ಇನ್ನೂ ಉಬ್ಬಿಯೇ ಇದೆ. ಚಿಕ್ಕ ಅಂಗಿಯನ್ನು ದೊಡ್ಡ ಮೈಗೆ ತೊಡಿಸಿದಂತಾಗಿ ಹೊರಪದರ ಹರಿಯುವುದು. ಹಲಗೆಯ ತುದಿಗಳಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಕೊಳವೆಗಳ ಬಾಯಿ ಅಲ್ಲಿ ತೆರೆದಿದೆ. ತುದಿಗಳಿಗೆ ಮೇಣವನ್ನೋ ಬಣ್ಣವನ್ನೋ ಬಳಿದರೆ ಈ ಸೀಳು ಬಹಳ ಮಟ್ಟಿಗೆ ತಪ್ಪುವುದು.

ನೆಲದಿಂದ ಎತ್ತರಿಸಿದ, ನೆರಳಿನ, ಗಾಳಿಯಾಡುವ ಸ್ಥಳವನ್ನು ಆರಿಸಬೇಕು. ಹಲಗೆಗಳನ್ನು ಒಂದರ ಮೇಲೊಂದು ಪೇರಿಸುವಾಗ ನಡುವೆ ಒಂದೇ ದಪ್ಪದ ರೀಪುಗಳನ್ನು ಸಮದೂರದಲ್ಲಿ ಇಟ್ಟು ಎರಡು ಮುಖಗಳಿಗೂ ಗಾಳಿ ತಗಲುವಂತೆ ಮಾಡಬೇಕು. ಮೇಲ್ಗಡೆ ಭಾರವಾದ ಕಲ್ಲುಗಳನ್ನು ಹೇರಿದರೆ ಹಲಗೆ ಡೊಂಕಾಗುವುದು ಕಡಿಮೆಯಾಗುವುದು.

ಎಷ್ಟು ದಿನ ಕಾಯಬೇಕು? ನೀರು ಮರದೊಳಗಿನಿಂದ ಹೊರಕ್ಕೆ ಸರಿಯುವುದು ವಿಸರಣದ ಕ್ರಮದಿಂದ. ಅದಕ್ಕೆ ಹಿಡಿಯುವ ಕಾಲ ಸ್ಥೂಲವಾಗಿ ದಪ್ಪದ ವರ್ಗಕ್ಕೆ ಅನುಪಾತದಲ್ಲಿರುವುದು. ಎರಡು ಸೆಂಟಿಮೀಟರು ದಪ್ಪದ ಹಲಗೆಗೆ ಮೂರು ವಾರ ಹಿಡಿದರೆ, ಅದೇ ಮರದ ನಾಲ್ಕು ಸೆಂಟಿಮೀಟರಿನ ಕಾಲಿಗೆ ಆರು ವಾರವಲ್ಲ, ಸುಮಾರು ಹನ್ನೆರಡು ವಾರ ಬೇಕು. ಮುಟ್ಟಿ ನೋಡಿ ತೀರ್ಮಾನಿಸುವುದು ಸರಿಯಲ್ಲ, ತಕ್ಕಡಿಯೇ ಸಾಕ್ಷಿ. ವಿದ್ಯಾರ್ಥಿಗಳು ಒಂದು ಸಣ್ಣ ಮಣೆಯನ್ನೋ ಡ್ರಾಯರನ್ನೋ ಆರಿಸಿಕೊಂಡು ವಾರಕ್ಕೊಮ್ಮೆ ತೂಗಿ ಬರೆದಿಡಲಿ. 6.9, 6.2, 5.8, 5.6, 5.5, 5.5 ಕಿಲೋಗ್ರಾಂ ಎಂಬಂತೆ ತೂಕ ಇಳಿಯುತ್ತಾ ಕೊನೆಗೆ ಸ್ಥಿರವಾಗುವುದು. ಇದನ್ನು ನಕ್ಷೆಕಾಗದದ ಮೇಲೆ ಗುರುತಿಸಿದರೆ ಮೊದಲು ಕಡಿದಾಗಿ ಇಳಿದು ಬಳಿಕ ಚಪ್ಪಟೆಯಾಗುವ ವಕ್ರರೇಖೆ ಸಿಗುವುದು. ರೇಖೆ ಚಪ್ಪಟೆಯಾದ ಮೇಲೆ ಮಾತ್ರ ಅಂಟು, ಪಾಲಿಶುಗಳ ಮಾತು.

ಈ ತಾಳ್ಮೆಯ ಬೆಲೆಯನ್ನು ತೋರುವ ಎರಡು ಪ್ರಸಿದ್ಧ ನಿದರ್ಶನಗಳಿವೆ. 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್ ನಗರಕ್ಕೆ ಆರ್ನೋ ನದಿ ನುಗ್ಗಿತು. ಪಾಪ್ಲರ್ ಮರದ ಐದು ಫಲಕಗಳ ಮೇಲೆ ವಸಾರಿ ಎಂಬ ಕಲಾವಿದನು 1546ರಲ್ಲಿ ಬರೆದ ‘ಕೊನೆಯ ಭೋಜನ’ ಚಿತ್ರವು ಹಲವು ಗಂಟೆಗಳ ಕಾಲ ನೀರಿನಲ್ಲಿ ಮುಳುಗಿತ್ತು. ಮರ ಉಬ್ಬಿತು, ಒಣಗುತ್ತಾ ಕುಗ್ಗಿತು, ಕುಗ್ಗಲಾರದ ಬಣ್ಣದ ಪದರ ಎದ್ದು ನಿಂತಿತು. ಬಣ್ಣ ಉದುರದಂತೆ ತೆಳುಕಾಗದ ಅಂಟಿಸಿ ಇಟ್ಟ ಆ ಚಿತ್ರವು ದೀರ್ಘ ಪರಿಶ್ರಮದ ಬಳಿಕ ಮತ್ತೆ ಪ್ರದರ್ಶನಕ್ಕೆ ಬಂದುದು 2016ರಲ್ಲಿ, ಎಂದರೆ ಐವತ್ತು ವರ್ಷಗಳ ಮೇಲೆ. ಇನ್ನೊಂದು, 1628ರಲ್ಲಿ ಮುಳುಗಿ 1961ರಲ್ಲಿ ಮೇಲೆತ್ತಲ್ಪಟ್ಟ ಸ್ವೀಡನ್ನಿನ ‘ವಾಸಾ’ ನೌಕೆ. ಅದನ್ನು ಹಾಗೆಯೇ ಒಣಗಲು ಬಿಟ್ಟಿದ್ದರೆ ಮರವೆಲ್ಲ ಸೀಳಿ ಕುಸಿಯುತ್ತಿತ್ತು. ಆದುದರಿಂದ ನೀರಿನ ಸ್ಥಾನವನ್ನು ಮೇಣದಂಥ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ವಸ್ತುವು ಆಕ್ರಮಿಸುವಂತೆ ಅದರ ದ್ರಾವಣವನ್ನು ಹದಿನೇಳು ವರ್ಷ ಮರದ ಮೇಲೆ ಸಿಂಪಡಿಸಲಾಯಿತು. ನಮ್ಮ ಮಂಚಕ್ಕೆ ಇಷ್ಟೆಲ್ಲ ಬೇಕಿಲ್ಲ. ಕೆಲವು ವಾರಗಳ ನೆರಳು ಸಾಕು.

ಡೊಂಕನ್ನು ತಿದ್ದುವುದು, ಕೂಡುಗಳನ್ನು ಬಿಗಿಯುವುದು

ಒಂದೇ ಮುಖ ಬೇಗ ಒಣಗಿದರೆ ಆ ಮುಖ ಕುಗ್ಗಿ ಹಲಗೆ ತಟ್ಟೆಯಂತೆ ಬಾಗುವುದು. ತಗ್ಗಾದ ಮುಖವೇ ಹೆಚ್ಚು ಒಣಗಿದ ಮುಖ. ಕಾರಣ ತಿಳಿದರೆ ಉಪಾಯವೂ ತಿಳಿದಂತೆ. ತಗ್ಗಾದ ಮುಖವನ್ನು ಕೆಳಗೆ ಮಾಡಿ, ಒದ್ದೆ ಗೋಣಿಚೀಲದ ಮೇಲೆ ಹಲಗೆಯನ್ನು ಇರಿಸಬೇಕು. ಉಬ್ಬಿದ ಮುಖಕ್ಕೆ ಬೆಚ್ಚಗಿನ ಗಾಳಿ ತಗಲಬೇಕು. ಒಂದು ಮುಖ ಹಿಗ್ಗಿ ಮತ್ತೊಂದು ಕುಗ್ಗಿದಂತೆ ಹಲಗೆ ಸಮನಾಗುವುದು. ಗಂಟೆಗೊಮ್ಮೆ ನೋಡುತ್ತಿದ್ದು, ಸಮನಾದೊಡನೆ ಎರಡು ಕಡೆಗೂ ರೀಪು ಕೊಟ್ಟು ಭಾರ ಹೇರಿ ನೆರಳಿನಲ್ಲಿ ಒಣಗಲು ಬಿಡಬೇಕು.

ಇನ್ನು ಅಂಟಿನ ವಿಷಯ. ಹಳೆಯ ಸಾಮಾನುಗಳಲ್ಲಿ ಪ್ರಾಣಿಗಳ ಚರ್ಮ, ಎಲುಬುಗಳನ್ನು ಕುದಿಸಿ ತೆಗೆದ ಸರೇಸು ಇರುವುದು. ಇದು ನೀರಿನಲ್ಲಿ ಮೆತ್ತಗಾಗುವುದು. ಬಿಸಿನೀರಿನ ಬಟ್ಟೆಯಿಂದ ಒರೆಸಿದರೆ ಹೊರಟುಹೋಗುವುದು. ಈಚಿನ ಸಾಮಾನುಗಳಲ್ಲಿರುವ ಬಿಳಿಯ ಅಂಟು ಪಾಲಿವಿನೈಲ್ ಅಸಿಟೇಟ್ ಎಂಬ ಕೃತಕ ವಸ್ತು. ಇದರ ಹಳೆಯ ಪದರದ ಮೇಲೆ ಹೊಸ ಅಂಟು ಸರಿಯಾಗಿ ಹಿಡಿಯದು. ಕೆರೆದು ಮರ ಕಾಣುವಂತೆ ಮಾಡಬೇಕು. ನಜ್ಜಿ ಕಿರಿದಾದ ಕೂಡಿಗೆ ಅದೇ ಮರದ ತೆಳುವಾದ ಸಿಬಿರನ್ನು ಸೇರಿಸಿ ಬಿಗಿ ತರಬೇಕು. ಕಂಡಿಯನ್ನು ಬರಿಯ ಅಂಟಿನಿಂದ ತುಂಬಿದರೆ ಬಲ ಬಾರದು. ಅಂಟು ಕಚ್ಚುವವರೆಗೆ ಒತ್ತಿ ಹಿಡಿಯುವುದಕ್ಕೆ ಬೆಲೆಬಾಳುವ ಸಲಕರಣೆ ಬೇಕಿಲ್ಲ. ಕುರ್ಚಿಯ ಕಾಲುಗಳ ಸುತ್ತ ಹಗ್ಗವನ್ನು ಎರಡು ಸುತ್ತು ಕಟ್ಟಿ, ನಡುವೆ ಕೋಲು ತೂರಿಸಿ ತಿರುಚಿದರೆ ಸಾಕು. ಹೊರೆಯನ್ನು ಬಿಗಿಯುವ ಕ್ರಮವೇ ಇದು. ಹಗ್ಗ ಮರವನ್ನು ಕಚ್ಚದಂತೆ ಬಟ್ಟೆಯ ಮಡಿಕೆ ಇಡಬೇಕು.

ಬಿಳಿಯ ಕಲೆ, ಕರಿಯ ಕಲೆ

ಒಣಗಿದ ಮೇಜಿನ ಮೇಲೆ ಎರಡು ಬಗೆಯ ಕಲೆಗಳು ಉಳಿಯುವುವು. ಅವುಗಳ ಬಣ್ಣವೇ ರೋಗದ ಸ್ಥಾನವನ್ನು ತಿಳಿಸುವುದು.

ಬಿಳಿಯ ಕಲೆ ಇರುವುದು ಪಾಲಿಶಿನ ಪದರದಲ್ಲಿ. ನೀರು ಆ ಪದರದೊಳಕ್ಕೆ ಸೇರಿ ಸೂಕ್ಷ್ಮ ಹನಿಗಳಾಗಿಯೋ ರಂಧ್ರಗಳಾಗಿಯೋ ನಿಂತಾಗ ಬೆಳಕು ಎಲ್ಲ ದಿಕ್ಕುಗಳಿಗೂ ಚದರುವುದು. ಮೋಡ ಬೆಳ್ಳಗಿರುವುದೂ ಹಾಲು ಬೆಳ್ಳಗಿರುವುದೂ ಇದೇ ಕಾರಣದಿಂದ. ಹಳೆಯ ಪಾಲಿಶು ಅರಗಿನ ಕೀಟ ಸ್ರವಿಸುವ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಮಾಡಿದುದು. ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಹಾಕಿ, ಅಂಟಂಟಾದರೆ ಅದು ಅರಗೆಂದು ತಿಳಿಯಬಹುದು. ಆಗ ಬಟ್ಟೆಗೆ ಕೆಲವೇ ಹನಿ ಸ್ಪಿರಿಟ್ ತಗಲಿಸಿ, ಎಲ್ಲಿಯೂ ನಿಲ್ಲಿಸದೆ ಕಲೆಯ ಮೇಲೆ ಹಗುರವಾಗಿ ಎಳೆದರೆ, ಪದರ ಕ್ಷಣಕಾಲ ಮೆತ್ತಗಾಗಿ, ಸಿಕ್ಕಿದ್ದ ನೀರು ಹೊರಟು, ರಂಧ್ರಗಳು ಮುಚ್ಚಿ, ಮತ್ತೆ ಪಾರದರ್ಶಕವಾಗುವುದು. ಬೆಂಕಿ ದೂರವಿರಬೇಕು; ಕಿಟಕಿಗಳು ತೆರೆದಿರಬೇಕು. ಹೊಸ ಬಗೆಯ ಪ್ಲಾಸ್ಟಿಕ್ ಪಾಲಿಶುಗಳಿಗೆ ಈ ಉಪಾಯ ಸಲ್ಲದು.

ಕರಿಯ ಕಲೆ ಮರದೊಳಗೇ ಇರುವುದು. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿ ಬರೆಯುವ ಮಸಿಯನ್ನು ಮಾಡುತ್ತಿದ್ದರು. ಅಳಲೆಯಲ್ಲಿ ಟ್ಯಾನಿನ್ ಇದೆ, ಅನ್ನಭೇದಿಯಲ್ಲಿ ಕಬ್ಬಿಣವಿದೆ. ಎರಡೂ ಸೇರಿ ಗಾಳಿ ಸೋಕಿದಾಗ ಕಪ್ಪು ವಸ್ತು ಹುಟ್ಟುವುದು. ಅನೇಕ ಮರಗಳಲ್ಲಿಯೂ ಟ್ಯಾನಿನ್ ಇದೆ. ಮೊಳೆ, ತಿರುಪುಗಳ ತುಕ್ಕು ನೀರಿನೊಡನೆ ಹರಿದು ಬಂದರೆ ಮೇಜು ತಾನೇ ಮಸಿ ತಯಾರಿಸಿಕೊಳ್ಳುವುದು! ಕಬ್ಬಿಣದ ಹಿಡಿಗಳನ್ನು ಮೊದಲೇ ಕಳಚಬೇಕೆಂದುದು ಇದಕ್ಕಾಗಿಯೇ. ಕಲೆಯನ್ನು ತೆಗೆಯಲು ಆಕ್ಸಾಲಿಕ್ ಆಮ್ಲ ಬೇಕು. ಅದು ಕಬ್ಬಿಣವನ್ನು ಟ್ಯಾನಿನ್ನಿನಿಂದ ಬಿಡಿಸಿ ಕರಗುವ ಸಂಯುಕ್ತವಾಗಿ ಮಾಡುವುದು. ಪಾಲಿಶನ್ನು ತೆಗೆದು, ಒಂದು ಲೀಟರು ಬಿಸಿನೀರಿನಲ್ಲಿ ಸುಮಾರು 60 ಗ್ರಾಂ ಆಮ್ಲವನ್ನು ಕರಗಿಸಿ, ಬಟ್ಟೆಯಿಂದ ಹಚ್ಚಿ ಕೆಲವು ನಿಮಿಷ ಬಿಡಬೇಕು. ಬಳಿಕ ಶುದ್ಧ ನೀರಿನಿಂದ ಮೂರು ನಾಲ್ಕು ಸಲ ಒರೆಸಬೇಕು. ಈ ಆಮ್ಲ ವಿಷ. ಗವಸು, ಕನ್ನಡಕ ಅವಶ್ಯ. ಪಾತ್ರೆ ಗಾಜಿನದೋ ಪ್ಲಾಸ್ಟಿಕಿನದೋ ಆಗಿರಬೇಕು. ಮಕ್ಕಳ ಕೈಗೆ ಸಿಗಬಾರದು. ಸರಿಯಾಗಿ ತೊಳೆಯದ ಮರವನ್ನು ಉಪ್ಪುಕಾಗದದಿಂದ ಉಜ್ಜಿದರೆ ಅದರ ಧೂಳು ಮೂಗು, ಗಂಟಲುಗಳನ್ನು ಸುಡುವುದು.

ಯಾವುದನ್ನು ಉಳಿಸಲಾಗದು?

ಬೂಷ್ಟು ಕಂಡರೆ ಹೆದರಬೇಕಾಗಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಯಲಿನಲ್ಲಿ, ಸಾಬೂನು ನೀರಿನ ಬ್ರಷ್ಷಿನಿಂದ ಉಜ್ಜಬೇಕು. ಮರದ ತೇವಾಂಶ ಶೇಕಡ 20ರ ಕೆಳಗೆ ಇಳಿದು ಅಲ್ಲಿಯೇ ನಿಂತರೆ ಮರವನ್ನು ಕೊಳೆಸುವ ಶಿಲೀಂಧ್ರಗಳು ಬೆಳೆಯಲಾರವು. ಉಗುರಿನಿಂದ ಒತ್ತಿದರೆ ಕುಸಿಯುವ ಮರ ಮಾತ್ರ ಕೊಳೆತ ಮರ. ಆ ತುಂಡನ್ನು ಬದಲಿಸಬೇಕು.

ಪ್ಲೈವುಡ್ಡಿನ ಹಣೆಬರಹ ಅದರ ಅಂಟಿನಲ್ಲಿದೆ. ಫಿನಾಲ್ ಫಾರ್ಮಾಲ್ಡಿಹೈಡ್ ಅಂಟಿನದು ಕುದಿಯುವ ನೀರನ್ನೂ ತಾಳಬಲ್ಲುದು. ಯೂರಿಯಾ ಫಾರ್ಮಾಲ್ಡಿಹೈಡಿನದು ಪದರ ಪದರವಾಗಿ ಬಿಚ್ಚಿಕೊಳ್ಳಬಹುದು. ಮರದ ಚೂರುಗಳನ್ನು ಒತ್ತಿ ಮಾಡಿದ ಅಗ್ಗದ ಹಲಗೆಗೆ ಮಾತ್ರ ಚಿಕಿತ್ಸೆಯಿಲ್ಲ. ಕಾರ್ಖಾನೆಯಲ್ಲಿ ಬಲವಂತವಾಗಿ ಅದುಮಿದ ಚೂರುಗಳು ನೀರು ಸೋಕಿದೊಡನೆ ಅಂಟನ್ನು ಹರಿದುಕೊಂಡು ಉಬ್ಬುವುವು. ಒಣಗಿದರೂ ಹಿಂದಕ್ಕೆ ಹೋಗಲಾರವು. ಅದಕ್ಕೆ ಹಣ ಸುರಿಯುವುದು ವ್ಯರ್ಥ. ಹೊಳೆಯ ದಡದ ಊರಿನಲ್ಲಿ ಹೊಸ ಸಾಮಾನು ಕೊಳ್ಳುವವರು ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಲೇಸು.

ದುರಸ್ತಿಯೆಲ್ಲ ಮುಗಿದ ಮೇಲೆ ಪಾಲಿಶನ್ನು ಹಚ್ಚುವಾಗ ಹಲಗೆಯ ಎರಡು ಮುಖಗಳಿಗೂ, ಅಂಚುಗಳಿಗೂ ಸಮನಾಗಿ ಹಚ್ಚಬೇಕು. ಮೇಲ್ಮುಖಕ್ಕೆ ಮಾತ್ರ ಹಚ್ಚಿದರೆ ಕೆಳಮುಖ ಬೇರೆ ವೇಗದಲ್ಲಿ ತೇವವನ್ನು ಹೀರಿ ಬಿಟ್ಟು ಹಲಗೆ ಮತ್ತೆ ಬಾಗುವುದು. ಪಾಲಿಶು ತೇವವನ್ನು ತಡೆಯಲಾರದು, ಅದರ ಹೋಗು ಬರುವುಗಳನ್ನು ನಿಧಾನಗೊಳಿಸುವುದಷ್ಟೆ. ಮಳೆಗಾಲದಲ್ಲಿ ತುಸು ಬಿಗಿಯಾಗಿ ಬೇಸಗೆಯಲ್ಲಿ ತುಸು ಸಡಿಲವಾಗುವ ಬೀರುವಿನ ಬಾಗಿಲು ಕೆಟ್ಟಿದೆಯೆಂದು ತಿಳಿಯಬಾರದು. ಗಾಳಿಯ ತೇವ ಏರಿ ಇಳಿಯುವವರೆಗೆ ಒಳ್ಳೆಯ ಮರ ಹಾಗೆ ಮಾಡುತ್ತಲೇ ಇರುವುದು.